‘ಎಕ್ಸೆಕ್’ ಅಂದ್ರೆ ಯಾರು? ಕನ್ನಡದಲ್ಲಿ ಏನಂತ ಬರೆಯೋದು?

ತುಂಗಾತೀರ (ಶಿವಮೊಗ್ಗ):
ಇಂಗ್ಲಿಷ್ ವಾಣಿಜ್ಯ ಸುದ್ದಿಗಳ ತಲೆಬರಹದಲ್ಲಿ ‘ಟೆಕ್ ಎಕ್ಸೆಕ್ಸ್’, ‘ಬ್ಯಾಂಕ್ ಎಕ್ಸೆಕ್’ ಅಂತಿರುತ್ತೆ. ಎಕ್ಸಿಕ್ಯೂಟಿವ್ ಅನ್ನೋದನ್ನು ಮೊಟಕು ಮಾಡಿದ್ದು, ಸರಿ. ಆದರೆ ನೆಹರೂ ರಸ್ತೆ ಅಂಗಡೀಲಿ ಮೊಬೈಲ್ ತೋರಿಸೋ ಹುಡುಗನೂ ‘ಸೇಲ್ಸ್ ಎಕ್ಸಿಕ್ಯೂಟಿವ್’ ಅಲ್ವಾ? ‘ಕಾರ್ಯನಿರ್ವಾಹಕರು’ ಅಂತ ಅನುವಾದಿಸಿದರೆ ನಡೆಯುತ್ತಾ?

ಅಡಿಕೆಮಂಡಿ:
ನಡೆಯಲ್ಲ ಮಾರಾಯ್ರೆ. ಹಿಂದೆ ಯಾವ ಪದ ಇದೆ ನೋಡಿ. ಟೆಕ್, ಆಯಿಲ್, ಬ್ಯಾಂಕ್ ಹೀಗೆ ಉದ್ಯಮದ ಹೆಸರಿದ್ದರೆ ಸಾಮಾನ್ಯವಾಗಿ ಮೇಲಿನವರು: ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ), ಸಿಎಫ್‌ಒ (ಮುಖ್ಯ ಹಣಕಾಸು ಅಧಿಕಾರಿ), ದೊಡ್ಡ ಕಂಪನಿಯಾದರೆ ಉಪಾಧ್ಯಕ್ಷರೂ ಸೇರುತ್ತಾರೆ. ಸೇಲ್ಸ್, ಅಕೌಂಟ್ ಹೀಗೆ ಕೆಲಸದ ಹೆಸರಿದ್ದರೆ ಹೆಚ್ಚಾಗಿ ಕೆಳಗಿನ ಹುದ್ದೆ.

‘ನಿರ್ದೇಶಕರು’ ಅಂತಲೂ ಹಾಕಬೇಡಿ. ಮಂಡಳಿಯಲ್ಲಿರೋ ಸ್ವತಂತ್ರ ನಿರ್ದೇಶಕರು ದಿನನಿತ್ಯದ ಆಡಳಿತ ನಡೆಸಲ್ಲ, ಅವರು ಎಕ್ಸೆಕ್ ಅಲ್ಲ. ನಮ್ಮ ಅಡಿಕೆ ಸಹಕಾರ ಸಂಘಗಳ ಲೆಕ್ಕದಲ್ಲಿ ಹೇಳೋದಾದರೆ, ಗೆದ್ದು ಬಂದ ಅಧ್ಯಕ್ಷರಲ್ಲ, ಸಂಬಳಕ್ಕಿರೋ ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕರು).

ಕಡತದ ಕಟ್ಟು (ಸಾಗರ):
‘ಕಾರ್ಯನಿರ್ವಾಹಕ’ ಪದಕ್ಕೆ ನಮ್ಮಲ್ಲಿ ಸರ್ಕಾರಿ ವಾಸನೆ ಜಾಸ್ತಿ. ತಾಲ್ಲೂಕು ಪಂಚಾಯಿತಿಗೆ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಕರೆಂಟಿನ ಮೆಸ್ಕಾಂನಲ್ಲಿ ಇಇ (ಕಾರ್ಯನಿರ್ವಾಹಕ ಎಂಜಿನಿಯರ್). ‘ಸಿಇಒ’ ಅಂತ ಬರೀ ಮೂರಕ್ಷರ ಬರೆದರೆ ಒಬ್ಬರಿಗೆ ಜಿಲ್ಲಾ ಪಂಚಾಯಿತಿಯವರು, ಇನ್ನೊಬ್ಬರಿಗೆ ಬೆಳೆಸಾಲದ ಕಾಗದ ನೋಡೋ ಸೊಸೈಟಿಯವರು. ಹಾಗಾಗಿ ಮೊದಲ ಸಲ ಸಂಸ್ಥೆಯ ಹೆಸರಿಲ್ಲದೆ ಬಳಸಬೇಡಿ. ‘ಉನ್ನತಾಧಿಕಾರಿಗಳು’ ಅಂದರೂ ಡಿಸಿ, ಎಸ್‌ಪಿ ಕಣ್ಮುಂದೆ ಬರ್ತಾರೆ. ಹಿಂದೆ ‘ಕಂಪನಿಯ’ ಅಂತ ಇರಲೇಬೇಕು.

ನೋಟಿಸು, ಸಭಾ ನಡಾವಳಿಯಲ್ಲಿ ಎಕ್ಸೆಕ್ ಬೇಡವೇ ಬೇಡ, ಅದು ಕಾನೂನಿನ ಪದವಲ್ಲ. 2013ರ ಕಂಪನಿ ಕಾಯ್ದೆಯ 203ನೇ ಕಲಂ ಹೇಳೋದು ಎಂ.ಡಿ., ಸಿಇಒ, ಮ್ಯಾನೇಜರ್, ಪೂರ್ಣಾವಧಿ ನಿರ್ದೇಶಕ, ಕಂಪನಿ ಕಾರ್ಯದರ್ಶಿ, ಸಿಎಫ್‌ಒ ಇಂಥ ಹುದ್ದೆಗಳನ್ನು. ಯಾವ ಹುದ್ದೆಯೋ ಅದನ್ನೇ ಬರೆಯಿರಿ.

ಕರಡು ತಿದ್ದುವವ:
ಉಚ್ಚಾರ ‘ಇಗ್‌ಝೆಕ್’ ಅನ್ನೋದಕ್ಕೆ ಹತ್ತಿರ. ಕೊನೆಯ ‘ಎಕ್’ ಬಿಟ್ಟು ‘ಎಕ್ಸ್’ ಅಂತ ಅಚ್ಚಾದರೆ ಮಾಜಿ ಅಂತಾಗಿ ಕೂರುತ್ತೆ! ‘ಎಕ್ಸೆಕ್ಸ್‌ಗಳು’ ಅಂತ ಎರಡೆರಡು ಬಹುವಚನವೂ ಬೇಡ. ಕಂಪ್ಯೂಟರ್‌ನಲ್ಲಿ ಲಿನಕ್ಸ್ ಬಳಸುವವರ ‘ಎಕ್ಸೆಕ್’ ಒಂದು ಕಮಾಂಡು, ಅದರ ಮೂಲವೂ ಎಕ್ಸಿಕ್ಯೂಟ್ ಪದವೇ, ಆದರೆ ಈ ಸುದ್ದಿಗೂ ಅದಕ್ಕೂ ಸಂಬಂಧ ಇಲ್ಲ.

ತುಂಗಾತೀರ:
ಹಾಗಾದರೆ ‘ಟೆಕ್ ಎಕ್ಸೆಕ್ಸ್ ಮೀಟ್ ಮಿನಿಸ್ಟರ್’ ಅನ್ನೋದಕ್ಕೆ ‘ಸಚಿವರ ಜತೆ ಐಟಿ ಕಂಪನಿ ಮುಖ್ಯಸ್ಥರ ಸಭೆ’?

ಅಡಿಕೆಮಂಡಿ:
ಬಂದವರೆಲ್ಲ ಸಿಇಒಗಳೇ ಆಗಿದ್ದರೆ ಸರಿ. ಉಪಾಧ್ಯಕ್ಷರೂ ಇದ್ದರೆ ‘ಮುಖ್ಯಸ್ಥರ’ ತೆಗೆದು ‘ಪ್ರಮುಖರ’ ಅಂತ ಹಾಕಿ. ಅಷ್ಟೇ ಜಾಗ ಹಿಡಿಯುತ್ತೆ.