ನೆಬ್ರಾಸ್ಕದಲ್ಲಿ ನಾಲ್ಕು ದಿನ ಕಾರಿನಲ್ಲಿ ಸುತ್ತಬೇಕು, ಯಾವ ದಾರಿ?

ರೋಣದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಒಮಾಹಾದಲ್ಲಿ. ಸೆಪ್ಟೆಂಬರ್ ಕೊನೆಗೆ ಅಪ್ಪ, ಅವ್ವ ಊರಿಂದ ಬರುತ್ತಿದ್ದಾರೆ. ಯಾರನ್ನು ಕೇಳಿದರೂ "ನೆಬ್ರಾಸ್ಕದಲ್ಲಿ ಏನಿದೆ, ಸುಮ್ನೆ ಕೊಲರಾಡೊಗೆ ಹೋಗಿ" ಅಂತಾರೆ. ಆದರೆ ಅಪ್ಪ 40 ವರ್ಷ ಎರೆ ಹೊಲ ಉತ್ತವರು. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನೀ ಇರೋ ಕಡೆ ನೆಲ ಹೆಂಗದ?" ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರು ವರ್ಷದಲ್ಲಿ ಐ-80 ಹೆದ್ದಾರಿ ಬಿಟ್ಟು ಬೇರೆ ರಸ್ತೆ ಹಿಡಿದೇ ಇಲ್ಲ. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗಲ್ಲ. ಇಬ್ಬರೂ ಮಾಂಸ ಮುಟ್ಟುವುದಿಲ್ಲ.

ಕಾವಲು ಕಡೆಯವನು:
ನಿಮ್ಮ ತಂದೆ ಕೇಳಿದ್ದಕ್ಕೆ ಉತ್ತರ ಹೈವೇ 2ರಲ್ಲಿದೆ. ಗ್ರ್ಯಾಂಡ್ ಐಲೆಂಡ್ ತನಕ ಐ-80ರಲ್ಲೇ ಬನ್ನಿ. ಅಲ್ಲಿಂದ ಅಲಯನ್ಸ್ ಊರಿಗೆ ಸುಮಾರು 270 ಮೈಲಿ. ಬ್ರೋಕನ್ ಬೋ ಊರು ದಾಟಿದ ಮೇಲೆ ಮೆಕ್ಕೆಜೋಳದ ಹೊಲ ಮುಗಿದು ಸ್ಯಾಂಡ್‌ಹಿಲ್ಸ್ ಶುರುವಾಗುತ್ತದೆ. ರಾಜ್ಯದ ಕಾಲು ಭಾಗ ಇದೇ, ಬರೀ ಹುಲ್ಲು ಹೊದ್ದ ಗುಡ್ಡಗಳು. ಅವೆಲ್ಲ ಗಾಳಿ ತಂದು ಗುಡ್ಡೆ ಹಾಕಿದ ಮರಳು.

ನಾನು ಚಳ್ಳಕೆರೆ ಕಡೆಯವನು, ಅಮೃತಮಹಲ್ ಕಾವಲಿನ ಹುಲ್ಲು ನೋಡಿ ಬೆಳೆದವನು. ಇಲ್ಲಿಗೆ ಮೊದಲ ಸಲ ಬಂದಾಗ ಹ್ಯಾಲ್ಸಿ ಹತ್ತಿರ ಫೋಟೋ ತೆಗೆಯೋಣ ಅಂತ ಕಾರನ್ನು ರಸ್ತೆಯಿಂದ ಕೆಳಗಿಳಿಸಿದೆ. ಚಕ್ರ ಹೂತುಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆಯಲ್ಲಿ ದನ ಸಾಕುವ ವಯಸ್ಸಾದ ಒಬ್ಬರು ಪಿಕಪ್‌ನಲ್ಲಿ ಬಂದು, ಚೈನ್ ಕಟ್ಟಿ ಎಳೆದರು. ಆಮೇಲೆ ಕೂತು, ಹುಲ್ಲಿನ ಬುಡವನ್ನು ಬೆರಳಿನಿಂದ ಸರಿಸಿ ತೋರಿಸಿದರು. ಎರಡು ಇಂಚು ಕೂಡ ಮಣ್ಣಿಲ್ಲ. ಕೆಳಗೆ ರವೆಯಂಥ ಮರಳು, ಅದರ ತುಂಬ ಕೂದಲಿನಷ್ಟು ಸಣ್ಣ ಬೇರು. ಆ ಬೇರು ಹಿಡಿದುಕೊಂಡಿರುವುದರಿಂದಲೇ ಗುಡ್ಡ ನಿಂತಿದೆ. 1904ರಲ್ಲಿ ಸರ್ಕಾರ ಒಂದೊಂದು ಕುಟುಂಬಕ್ಕೆ 640 ಎಕರೆ ಕೊಟ್ಟಿತ್ತು. ಹಲವರು ನೇಗಿಲು ಹಾಕಿದರು. ಹುಲ್ಲು ಹೋದದ್ದೇ ತಡ, ಮರಳು ಹಾರಿತು. ಎಷ್ಟೋ ಜನ ಬಿಟ್ಟು ಹೋದರು. ಅಂದಿನಿಂದ ಇಲ್ಲಿ ದನವೇ ಬದುಕು. ಇದನ್ನು ನಿಮ್ಮ ತಂದೆಗೆ ನೀವು ಹೇಳಬೇಡಿ, ಒಂದು ಕಡೆ ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಲಿ. ರಸ್ತೆ ಬದಿಗಷ್ಟೇ ನಿಲ್ಲಿಸಿ, ಬೇಲಿ ದಾಟಬೇಡಿ.

ಅವ್ವ ಕಾರಿನಲ್ಲೇ ಕೂತು ನೋಡಬಹುದು. ಗಾಳಿಯಂತ್ರ ತಿರುಗುತ್ತಿರುತ್ತದೆ, ಕೆಳಗೆ ದೊಡ್ಡ ತೊಟ್ಟಿಗೆ ನೀರು ಬೀಳುತ್ತಿರುತ್ತದೆ, ಸುತ್ತ ಕಪ್ಪು ದನ. ಆ ಮರಳಿನ ಕೆಳಗೆ ಒಗಲಾಲ ಅನ್ನುವ ದೊಡ್ಡ ಅಂತರ್ಜಲದ ಪದರವಿದೆ, ಹೀಗಾಗಿ ಬೇಸಿಗೆಯಲ್ಲೂ ಹೊಳೆ ಬತ್ತುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಎದುರಿಗೆ ಬರುವ ಗಾಡಿಯವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾರೆ. ಅದು ನಮಸ್ಕಾರ, ನೀವೂ ಎತ್ತಿ.

ಪೆಟ್ರೋಲ್ ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸಿ. ಥೆಡ್‌ಫೋರ್ಡ್ ದಾಟಿ ಮಲನ್ ಬರುವಷ್ಟರಲ್ಲಿ ಸಮಯ ವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ರೂಮ್ ಬುಕ್ ಮಾಡುವಾಗ ನೆನಪಿರಲಿ.

ಲಿಂಕನ್ ಅಕ್ಕ:
ಮೇಲಿನವರು ಹೇಳಿದ್ದು ಸರಿ. ಊಟದ ವಿಷಯ ನಾನು ಹೇಳುತ್ತೇನೆ. ಆ ದಾರಿಯಲ್ಲಿ ಸಸ್ಯಾಹಾರ ಅಂದರೆ ಆಲೂಗಡ್ಡೆ ಮತ್ತು ಪೈ, ಅಷ್ಟೇ. ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಕಟ್ಟಿಕೊಳ್ಳಿ. ಚಿಕ್ಕ ರೈಸ್ ಕುಕ್ಕರ್ ಇದ್ದರೆ ಅವ್ವನಿಗೆ ನೆಮ್ಮದಿ.

ಅಲಯನ್ಸ್‌ನಲ್ಲಿ ಕಾರ್‌ಹೆಂಜ್ ಬಿಡಬೇಡಿ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಹಾಗೆ ಹಳೇ ಕಾರುಗಳನ್ನು ನೆಟ್ಟಗೆ ನಿಲ್ಲಿಸಿ ಬೂದು ಬಣ್ಣ ಹಚ್ಚಿದ್ದಾರೆ. ಜನ ಇದನ್ನು ತಮಾಷೆ ಅಂದುಕೊಳ್ಳುತ್ತಾರೆ. ಆದರೆ ಜಿಮ್ ರೈಂಡರ್ಸ್ 1987ರಲ್ಲಿ ಇದನ್ನು ಕಟ್ಟಿದ್ದು ತೀರಿಹೋದ ತಂದೆಯ ನೆನಪಿಗೆ. ನನ್ನ ಅಪ್ಪ ತೀರಿಕೊಂಡ ವರ್ಷ ಅಲ್ಲಿಗೆ ಹೋಗಿದ್ದೆ, ತುಂಬ ಹೊತ್ತು ನಿಂತಿದ್ದೆ.

ಮಾರನೇ ದಿನ ಸ್ಕಾಟ್ಸ್ ಬ್ಲಫ್ ಅನ್ನುವ ಕಡಿದಾದ ಬೆಟ್ಟ. ಮೂರು ಸುರಂಗ ದಾಟಿ ಕಾರು ತುದಿಯವರೆಗೆ ಹೋಗುತ್ತದೆ, ಮೊಣಕಾಲಿಗೆ ತೊಂದರೆಯಿಲ್ಲ. ಕೆಲವು ಸಲ ಆ ರಸ್ತೆ ಮುಚ್ಚಿರುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿ. ವಾಪಸ್ ಬರುವಾಗ ಹೈವೇ 20 ಹಿಡಿದು ವ್ಯಾಲೆಂಟೈನ್‌ನಲ್ಲಿ ಉಳಿಯಿರಿ. ಹತ್ತಿರದಲ್ಲೇ ಸ್ಮಿತ್ ಫಾಲ್ಸ್ ಇದೆ, 63 ಅಡಿ. ಜೋಗದ ಮುಂದೆ ಏನೂ ಅಲ್ಲ, ಆದರೆ ಬುಡದವರೆಗೆ ಹೋಗಬಹುದು. ಸೇತುವೆ ದಾಟಿ ಸ್ವಲ್ಪ ನಡೆಯಬೇಕು.

ರೋಣದ ಹುಡುಗ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ರೂಮ್ ಬುಕ್ ಮಾಡಿದೆ: ಬ್ರೋಕನ್ ಬೋ, ಅಲಯನ್ಸ್, ವ್ಯಾಲೆಂಟೈನ್. ಮರಳು ಗುಡ್ಡದ ವಿಷಯ ಅಪ್ಪನಿಗೆ ಹೇಳಲಿಲ್ಲ, ನೆಲ ತೋರಿಸ್ತೀನಿ ಬಾ ಅಂದೆ ಅಷ್ಟೇ. "ಹಂಗಾರ ನಮ್ಮ ಎರೆ ಮಣ್ಣು ಒಂದು ಹಿಡಿ ಕಟ್ಟಿಕೊಂಡು ಬರ್ಲೇನು, ಬಾಜೂಕಿಟ್ಟು ನೋಡೋಣು" ಅಂದರು. ತರಬಹುದಾ?

ಕಾವಲು ಕಡೆಯವನು:
ಬೇಡ, ಮಣ್ಣು ತರಲು ಬಿಡುವುದಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ಚಪ್ಪಲಿಗೆ ಹೊಲದ ಕೆಸರು ಅಂಟಿದ್ದರೆ ಅದನ್ನೂ ತೊಳೆದುಕೊಂಡು ಬರಲು ಹೇಳಿ. ಹೊಲದಲ್ಲಿ ಅಂಗೈ ಮೇಲೆ ಮಣ್ಣು ಹಿಡಿದು ಒಂದು ಫೋಟೋ ತೆಗೆಸಿಕೊಂಡು ಬರಲಿ. ಹ್ಯಾಲ್ಸಿಯಲ್ಲಿ ಅದೇ ಕೈ ಮೇಲೆ ಮರಳು ಹಾಕಿ ಇನ್ನೊಂದು ತೆಗೆಯಿರಿ. ಎರಡನ್ನೂ ಇಲ್ಲಿ ಹಾಕಿ, ನಾನು ಕಾಯುತ್ತಿರುತ್ತೇನೆ.