ಕೆವಿಎಂ: ವಿಎಂ ತಾನಾಗೇ ಪಾಝ್ ಆಗಿ ನಿಲ್ತಿದೆ, ಬ್ರಿಡ್ಜ್ ಹಾಕಿದ್ರೆ ಐಪಿ ಸಿಗ್ತಿಲ್ಲ, ಯಾರಾದ್ರೂ ದಾರಿ ತೋರ್ಸಿ

ಬೆಣ್ಣೆದೋಸೆ_ರೂಟ್

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಸರ್ವರ್ ಅಡ್ಮಿನ್ ಏನಲ್ಲ. ದಾವಣಗೆರೆಲಿ ಒಂದು ಆಡಿಟರ್ ಆಫೀಸಲ್ಲಿ ಕೆಲ್ಸ, ಕಂಪ್ಯೂಟರ್ ಸ್ವಲ್ಪ ಗೊತ್ತಿರೋನು ನಾನೊಬ್ಬನೇ ಅಂತ ಪ್ರಿಂಟರ್ ಪೇಪರ್ ಸಿಕ್ಕಾಕೊಂಡ್ರಿಂದ ಹಿಡ್ದು ಸರ್ವರ್‌ವರೆಗೂ ಎಲ್ಲಾ ನನ್ನ ತಲೆಗೇ ಕಟ್ಟಿದಾರೆ.

ಒಂದು ಸೆಕೆಂಡ್ ಹ್ಯಾಂಡ್ ಟವರ್ ಸರ್ವರ್ ಇದೆ, 32 ಜಿಬಿ ರ‍್ಯಾಮ್, 480 ಜಿಬಿ ಎಸ್‌ಎಸ್‌ಡಿ, ಉಬುಂಟು ಸರ್ವರ್ 22.04. ಅದ್ರ ಮೇಲೆ ಕೆವಿಎಂ (ಒಂದೇ ಮೆಷೀನಲ್ಲಿ ಹಲವು ವರ್ಚುವಲ್ ಮೆಷೀನ್, ಅಂದ್ರೆ ವಿಎಂ, ಓಡ್ಸೋ ಲಿನಕ್ಸ್ ವ್ಯವಸ್ಥೆ), ಅದನ್ನ ನಿಭಾಯಿಸೋಕೆ ಲಿಬ್‌ವರ್ಟ್. ಮೂರು ವಿಎಂ: ಟ್ಯಾಲಿಗೆ ಒಂದು ವಿಂಡೋಸ್ (120 ಜಿಬಿ ಡಿಸ್ಕ್), ಫೈಲ್ ಸರ್ವರ್ (80 ಜಿಬಿ), ಆಟ ಆಡೋಕೆ ಒಂದು ಟೆಸ್ಟ್ ವಿಎಂ (40 ಜಿಬಿ). ಎಲ್ಲಾ ಕ್ಯೂಕೌ2 (ವಿಎಂನ ಡಿಸ್ಕನ್ನ ಹೋಸ್ಟ್‌ನಲ್ಲಿ, ಅಂದ್ರೆ ವಿಎಂ ಓಡ್ಸೋ ಸರ್ವರ್‌ನಲ್ಲಿ, ಒಂದು ಫೈಲಾಗಿ ಇಡೋ ಫಾರ್ಮ್ಯಾಟ್).

ತೊಂದ್ರೆ ಒಂದು. ರಾತ್ರಿ 11ಕ್ಕೆ ವಿಂಡೋಸ್ ಒಳಗೆ ಟ್ಯಾಲಿ ಬ್ಯಾಕಪ್ ಓಡುತ್ತೆ. ಈ ವಾರ ಮೂರು ಸಲ ಬೆಳಗ್ಗೆ ಬಂದ್ರೆ ವಿಂಡೋಸ್ ಕಲ್ಲಾಗಿ ನಿಂತಿರುತ್ತೆ, ಗಡಿಯಾರ 11:07ಕ್ಕೇ ನಿಂತಿದೆ. ವರ್ಶ್ (ಲಿಬ್‌ವರ್ಟ್‌ನ ಕಮಾಂಡ್) ಲಿಸ್ಟ್ ಹೊಡೆದ್ರೆ ಪಾಝ್ ಅಂತ ತೋರ್ಸುತ್ತೆ. ಡೆಸ್ಟ್ರಾಯ್ ಮಾಡಿ (ಆ ಪದ ಹೊಡೆಯೋವಾಗ ಕೈ ನಡುಗಿತು) ಮತ್ತೆ ಸ್ಟಾರ್ಟ್ ಮಾಡಿದ್ರೆ ಬರುತ್ತೆ, ಅರ್ಧ ಗಂಟೆಗೆ ಮತ್ತೆ ಅದೇ ಕಥೆ. ವಿಂಡೋಸ್ ಒಳಗೆ ಸಿ ಡ್ರೈವ್‌ನಲ್ಲಿ 80 ಜಿಬಿ ಖಾಲಿ ಇದೆ, ಹಾಗಾಗಿ ಜಾಗ ಇಲ್ಲ ಅನ್ನೋ ಹಾಗೂ ಇಲ್ಲ.

ತೊಂದ್ರೆ ಎರಡು. ಇಷ್ಟು ದಿನ ಡಿಫಾಲ್ಟ್ ನ್ಯಾಟ್‌ನಲ್ಲೇ (ವಿಎಂಗಳು ಸರ್ವರ್ ಹಿಂದೆ ಬೇರೆ ನೆಟ್‌ವರ್ಕಲ್ಲಿ) ಇತ್ತು, ವಿಎಂಗೆ 192.168.122 ಸಾಲಿನ ಐಪಿ. ಈಗ ಆಫೀಸಿನ ಎಲ್ಲಾ ಪಿಸಿಯಿಂದ ಫೈಲ್ ಸರ್ವರ್ ನೇರ ಸಿಗ್ಬೇಕು ಅಂತ ಬ್ರಿಡ್ಜ್ (ವಿಎಂನ ನೇರ ಆಫೀಸ್ ನೆಟ್‌ವರ್ಕಿಗೆ ಸೇರ್ಸೋದು) ಹಾಕೋಕೆ ಹೋದೆ. ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗಿ). ನೆಟ್‌ಪ್ಲಾನ್ (ಉಬುಂಟುನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಮಾಡೋದು) ಅಪ್ಲೈ ಒತ್ತಿದೆ, ಸ್ಕ್ರೀನ್ ಹಾಗೇ ನಿಂತೋಯ್ತು. ರಾತ್ರಿ ಹತ್ತೂವರೆಗೆ ಸ್ಕೂಟರ್ ತಗೊಂಡು ಆಫೀಸಿಗೆ ಓಡಿ, ವಾಚ್‌ಮನ್‌ನ ಎಬ್ಬಿಸಿ ನೋಡಿದ್ರೆ ಸರ್ವರ್ ಬದುಕೇ ಇತ್ತು, ಐಪಿ ಮಾತ್ರ ಬದಲಾಗಿತ್ತು! ರೌಟರ್‌ನಲ್ಲಿ 192.168.1.10 ರಿಸರ್ವ್ ಮಾಡಿಟ್ಟಿದ್ದೆ, ಅದು ಬಿಟ್ಟು .47 ತಗೊಂಡು ಕೂತಿದೆ. ಸರಿ ಅಂತ ಫೈಲ್ ಸರ್ವರ್ ವಿಎಂನ ಬ್ರಿಡ್ಜ್‌ಗೆ ಹಾಕಿದ್ರೆ ಅದಕ್ಕೆ ಐಪಿನೇ ಬರ್ತಿಲ್ಲ. ಕೈಯಿಂದ .60 ಕೊಟ್ಟೆ, ಹೋಸ್ಟ್‌ನಿಂದ ಪಿಂಗ್ ಹೋಗುತ್ತೆ, ಬೇರೆ ಯಾವ ಪಿಸಿಯಿಂದಲೂ ಹೋಗಲ್ಲ. ಎರಡು ದಿನದಿಂದ ತಲೆ ಕೆಟ್ಟು ಕೆರ ಹಿಡಿದಿದೆ.

---

ಹಳೇ_ಟರ್ಮಿನಲ್

ಮೊದಲನೇದಕ್ಕೆ ನಾನು ಹೇಳ್ತೀನಿ, ನೆಟ್‌ವರ್ಕ್ ಬೇರೆ ಯಾರಾದ್ರೂ ನೋಡ್ಲಿ. (ಫೋನಲ್ಲಿ ಕನ್ನಡ ಕೀಬೋರ್ಡಲ್ಲೇ ಹೊಡೀತಿದೀನಿ, ಕಮಾಂಡನ್ನ ನೀವು ಇಂಗ್ಲಿಷಲ್ಲೇ ಹೊಡೀರಿ.)

ಡೆಸ್ಟ್ರಾಯ್ ಅಂದ್ರೆ ಡಿಸ್ಕ್ ಅಳಿಸೋದಲ್ಲ, ಪ್ಲಗ್ ಕಿತ್ತ ಹಾಗೆ ಅಷ್ಟೇ. ಆದ್ರೂ ಟ್ಯಾಲಿ ಓಡ್ತಿರೋ ಮೆಷೀನಿಗೆ ದಿನಾ ಪ್ಲಗ್ ಕೀಳೋದು ಒಳ್ಳೇದಲ್ಲ, ಡೇಟಾ ಹಾಳಾಗುತ್ತೆ. ಮುಂದಿನ ಸಲ ಪಾಝ್ ಆಗಿ ನಿಂತ್ರೆ ಮೊದ್ಲು ವರ್ಶ್ ಡಾಮ್‌ಬಿಎಲ್‌ಕೆಎರರ್ ಹೊಡೆದು ನೋಡಿ. ನೂರಕ್ಕೆ ತೊಂಬತ್ತು ನೋ ಸ್ಪೇಸ್ ಅಂತ ಬರುತ್ತೆ. ಜಾಗ ಮುಗಿದಿರೋದು ವಿಂಡೋಸ್‌ನಲ್ಲಲ್ಲ, ಹೋಸ್ಟ್‌ನಲ್ಲಿ. ಬರೆಯೋಕೆ ಜಾಗ ಇಲ್ಲ ಅಂದಾಗ ಕ್ಯೂಎಂಯು (ವಿಎಂನ ಓಡ್ಸೋ ಪ್ರೋಗ್ರಾಮ್) ವಿಎಂಗೆ ಎರರ್ ಕೊಡಲ್ಲ, ವಿಎಂನ ಅಲ್ಲೇ ನಿಲ್ಲಿಸಿ ಬಿಡುತ್ತೆ. ಅದು ಒಳ್ಳೇ ಗುಣನೇ, ಇಲ್ದಿದ್ರೆ ವಿಂಡೋಸ್ ಅರ್ಧ ಬರೆದು ಫೈಲ್ ಸಿಸ್ಟಮ್ ಎಕ್ಕುಟ್ಟೋಗಿರೋದು. ಹೋಸ್ಟ್‌ನಲ್ಲಿ ಜಾಗ ಮಾಡಿ ವರ್ಶ್ ರೆಸ್ಯೂಮ್ ಅಂದ್ರೆ 11:07ರಿಂದ ಏನೂ ಆಗೇ ಇಲ್ಲ ಅನ್ನೋ ಥರ ಮುಂದುವರಿಯುತ್ತೆ.

ಒಳಗೆ 80 ಜಿಬಿ ಖಾಲಿ ಇದ್ದೂ ಹೊರಗೆ ತುಂಬೋದು ಹೇಗೆ ಅಂದ್ರೆ, ಕ್ಯೂಕೌ2 ಬಳಸಿದಷ್ಟೇ ಬೆಳೆಯುತ್ತೆ ಆದ್ರೆ ತಾನಾಗಿ ಕುಗ್ಗಲ್ಲ. ನಿಮ್ಮ ಬ್ಯಾಕಪ್ ದಿನಾ ಹೊಸ ಫೈಲ್ ಬರೆದು ಹಳೇದು ಅಳಿಸ್ತಿರುತ್ತೆ ಅಲ್ವಾ, ವಿಂಡೋಸ್ ಪ್ರತಿ ಸಲ ಡಿಸ್ಕಿನ ಹೊಸ ಮೂಲೆಲಿ ಬರೆಯುತ್ತೆ, ಅಳಿಸಿದ ಜಾಗ ಅಳಿಸಿದೀನಿ ಅಂತ ಹೋಸ್ಟಿಗೆ ಹೇಳೋರು ಯಾರೂ ಇಲ್ಲ. ಕ್ಯೂಎಂಯು-ಇಮೇಜ್ ಇನ್ಫೋ ಹೊಡೆದ್ರೆ ವರ್ಚುವಲ್ ಸೈಜ್, ಡಿಸ್ಕ್ ಸೈಜ್ ಅಂತ ಎರಡು ಸಂಖ್ಯೆ ಬರುತ್ತೆ, ಎರಡನೇದು ನಿಜ. ಇದ್ರ ಜೊತೆ ಡಿಎಫ್ (ಎಷ್ಟು ಜಾಗ ಬಳಸಿದೆ ಅಂತ ತೋರ್ಸುತ್ತೆ) ಮತ್ತು ವಿಜಿಎಸ್ (ಡಿಸ್ಕಿನಲ್ಲಿ ಹಂಚದೇ ಉಳಿದಿದ್ದು ತೋರ್ಸುತ್ತೆ) ಔಟ್‌ಪುಟ್ ಹಾಕಿ. ನನಗೊಂದು ಅನುಮಾನ ಇದೆ, ಈಗ್ಲೇ ಹೇಳಲ್ಲ.

---

ಬೆಣ್ಣೆದೋಸೆ_ರೂಟ್

ಸರ್, ನೀವ್ ಹೇಳಿದ್ದೇ ಬಂತು, ನೋ ಸ್ಪೇಸ್. ವಿಂಡೋಸ್ ಇಮೇಜ್ 58 ಜಿಬಿ, ಫೈಲ್ ಸರ್ವರ್ 19, ಟೆಸ್ಟ್ 5. ಡಿಎಫ್‌ನಲ್ಲಿ ರೂಟ್ (ಸಿಸ್ಟಮ್ ಇರೋ ಮುಖ್ಯ ಭಾಗ) 98 ಜಿಬಿ, ಬಳಸಿದ್ದು 93, ಉಳಿದಿದ್ದು ಸೊನ್ನೆ. ಆದ್ರೆ ನಾನು ಹಾಕಿದ್ದು 480 ಜಿಬಿ ಎಸ್‌ಎಸ್‌ಡಿ!! ಅಂಗಡಿಯವನು ಮೋಸ ಮಾಡಿದ್ನಾ? ಮತ್ತೆ 98ರಲ್ಲಿ 93 ಹೋದ್ರೆ 5 ಇರ್ಬೇಕಲ್ಲ, ಅದೆಲ್ಲಿ ಹೋಯ್ತು? ವಿಜಿಎಸ್‌ನಲ್ಲಿ ವಿಫ್ರೀ ಅಂತ ಸುಮಾರು 345 ಜಿ ತೋರಿಸ್ತಿದೆ, ಅದೇನು ಗೊತ್ತಾಗ್ಲಿಲ್ಲ.

---

ಹಳೇ_ಟರ್ಮಿನಲ್

ನನ್ನ ಅನುಮಾನ ಅದೇ ಆಗಿತ್ತು. ಅಂಗಡಿಯವನ್ನ ಬಿಟ್ಬಿಡಿ ಪಾಪ. ಉಬುಂಟು ಸರ್ವರ್ ಇನ್‌ಸ್ಟಾಲರ್‌ನಲ್ಲಿ ಎಲ್‌ವಿಎಂ (ಡಿಸ್ಕನ್ನ ಬೇಕಾದ ಹಾಗೆ ಭಾಗ ಮಾಡೋ ವ್ಯವಸ್ಥೆ) ಜೊತೆ ಎಂಟರ್ ಒತ್ತುತ್ತಾ ಹೋದ್ರೆ, ಡಿಸ್ಕ್ ದೊಡ್ಡದಿದ್ರೂ ರೂಟ್‌ಗೆ ಬರೀ 100 ಜಿಬಿ ಕೊಟ್ಟು ಉಳಿದಿದ್ದು ವಾಲ್ಯೂಮ್ ಗ್ರೂಪ್‌ನಲ್ಲೇ ಬಿಟ್ಟಿರುತ್ತೆ, ಅದೇ ನಿಮ್ಮ ವಿಫ್ರೀ. ಗೊತ್ತಿಲ್ದೇ ಹೊಸ ಡಿಸ್ಕ್ ಕೊಂಡವರನ್ನೂ ನೋಡಿದೀನಿ. ಆ 5 ಜಿಬಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ರೂಟ್ ಅನ್ನೋ ಅಡ್ಮಿನ್ ಯೂಸರ್‌ಗೆ ಎತ್ತಿಡೋ ಶೇಕಡ 5, ಉಬುಂಟುನಲ್ಲಿ ವಿಎಂ ಓಡೋದು ಲಿಬ್‌ವರ್ಟ್-ಕ್ಯೂಎಂಯು ಅನ್ನೋ ಬೇರೆ ಯೂಸರ್ ಆಗಿ, ಅದಕ್ಕೆ ಮುಟ್ಟೋಕಾಗಲ್ಲ.

ಈಗ ಇಡೀ 345 ರೂಟ್‌ಗೇ ಸುರಿಬೇಡಿ. 280 ಜಿಬಿದು ಹೊಸ ಎಲ್‌ವಿ (ಎಲ್‌ವಿಎಂನ ಒಂದು ಭಾಗ) ಮಾಡಿ, ಇಎಕ್ಸ್‌ಟಿ4 ಹಾಕಿ, ವಿಎಂ ಇಮೇಜ್ ಮಾತ್ರ ಅಲ್ಲಿಡಿ. ಲೆಕ್ಕ ನೋಡಿ, ಮೂರು ವಿಎಂಗೆ ನೀವು ಮಾತು ಕೊಟ್ಟಿರೋದು 120+80+40 ಅಂದ್ರೆ 240. 280ರಲ್ಲಿ ಎತ್ತಿಟ್ಟಿದ್ದು ಕಳೆದ್ರೂ 240 ಹಿಡಿಯುತ್ತೆ, ಮೂರೂ ಒಟ್ಟಿಗೆ ತುಂಬಿದ್ರೂ ಯಾರೂ ಪಾಝ್ ಆಗಲ್ಲ. ವಿಎಂ ತುಂಬಿ ಹೋಸ್ಟಿನ ಲಾಗ್ ನಿಲ್ಲೋದೂ ತಪ್ಪುತ್ತೆ. ವಿಎಂ ಶಟ್‌ಡೌನ್ ಮಾಡಿ, ಇಮೇಜ್ ಕಾಪಿ ಮಾಡಿ (ಆರ್‌ಸಿಂಕ್ ಬಳಸಿದ್ರೆ ಸ್ಪಾರ್ಸ್ ಆಪ್ಷನ್ ಮರೀಬೇಡಿ, ಇಲ್ದಿದ್ರೆ ಖಾಲಿ ಜಾಗನೂ ಸೊನ್ನೆ ತುಂಬ್ಕೊಂಡು ಊದ್ಕೋಬಹುದು), ವರ್ಶ್ ಎಡಿಟ್‌ನಲ್ಲಿ ದಾರಿ ಬದಲಿಸಿ, ಹೊಸ ಜಾಗನ ಪೂಲ್ ಆಗಿ ಡಿಫೈನ್ ಮಾಡಿ ಆಟೋಸ್ಟಾರ್ಟ್ ಹಾಕಿ. ಹಳೇ ಇಮೇಜ್ ಒಂದು ವಾರ ಇರ್ಲಿ.

ಆಮೇಲೆ ಡಿಸ್ಕ್‌ನ ಡ್ರೈವರ್ ಸಾಲಲ್ಲಿ ಡಿಸ್‌ಕಾರ್ಡ್ ಅನ್ಮ್ಯಾಪ್ ಸೇರ್ಸಿ. ಲಿನಕ್ಸ್ ವಿಎಂನಲ್ಲಿ ಎಫ್‌ಎಸ್‌ಟ್ರಿಮ್, ವಿಂಡೋಸ್‌ನಲ್ಲಿ ಆಪ್ಟಿಮೈಜ್ ಡ್ರೈವ್ಸ್. ಆಗ ಅಳಿಸಿದ ಜಾಗ ಹೋಸ್ಟಿಗೆ ವಾಪಸ್ ಬರುತ್ತೆ.

---

ಹುಬ್ಬಳ್ಳಿ_ಹೆಡ್ಲೆಸ್

ನೆಟ್‌ವರ್ಕ್ ನಾ ಹೇಳ್ತೀನಿ ತಗೊಳ್ರಿ. ಎರಡು ಬ್ಯಾರೆ ಬ್ಯಾರೆ ರೋಗ ಅದಾವ ಅಲ್ಲಿ.

ಮೊದ್ಲು ಐಪಿ ಬದಲಾಗಿದ್ದು. ನೆಟ್‌ಪ್ಲಾನ್ ಬ್ರಿಡ್ಜ್ ಮಾಡಿದಾಗ ಅದಕ್ಕ ಸಿಸ್ಟಮ್‌ಡಿ ತಾನೇ ಒಂದು ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಕೊಡ್ತೈತಿ. ನಿಮ್ಮ ರೌಟರ್ ರಿಸರ್ವ್ ಮಾಡಿದ್ದು ಹಳೇ ಕಾರ್ಡಿನ ಮ್ಯಾಕಿಗೆ. ಹೊಸಬ ಬಂದಾನ ಅಂತ .47 ಕೊಟ್ಟು ಕಳಿಸೈತಿ. ಬ್ರಿಡ್ಜ್ ಕೆಳಗ ಮ್ಯಾಕ್‌ಅಡ್ರೆಸ್ ಅಂತ ಹಾಕಿ ಕಾರ್ಡಿನ ಮ್ಯಾಕನ್ನೇ ಬರೀರಿ, ಇಲ್ಲಂದ್ರ .10 ಸ್ಟ್ಯಾಟಿಕ್ ಕೊಡ್ರಿ. ಐಪಿ ಬ್ರಿಡ್ಜಿಗೆ ಮಾತ್ರ ಇರ್ಬೇಕು, ಕಾರ್ಡಿಗೆ ಡಿಎಚ್‌ಸಿಪಿ (ರೌಟರ್‌ನಿಂದ ತಾನೇ ಐಪಿ ತಗೊಳ್ಳೋದು) ಫಾಲ್ಸ್.

ಮತ್ತ ಮನಿಯಿಂದ ಸೀದಾ ಅಪ್ಲೈ ಹೊಡಿಯೋದು ಬಿಡ್ರಿ ಮಾರಾಯಾ. ನೆಟ್‌ಪ್ಲಾನ್ ಟ್ರೈ ಅಂತ ಐತಿ, 120 ಸೆಕೆಂಡಿನ್ಯಾಗ ನೀವು ಎಂಟರ್ ಒತ್ತಲಿಲ್ಲಂದ್ರ ಹಳೇದಕ್ಕ ವಾಪಸ್ ಹೋಗ್ತೈತಿ. ಆದ್ರ ಅದ್ರಾಗೂ ಒಂದು ಕೊಕ್ಕಿ: ಬ್ರಿಡ್ಜಿಗೆ ಎಸ್‌ಟಿಪಿ, ಫಾರ್ವರ್ಡ್ ಡಿಲೇ ಅಂತ ಪ್ಯಾರಾಮೀಟರ್ ಹಾಕಿದ್ರ ಟ್ರೈ ಆಗೂದಿಲ್ಲ, ವಾಪಸ್ ತಗೊಳ್ಳಾಕ ಬರೂದಿಲ್ಲ, ಅಪ್ಲೈನೇ ಮಾಡ್ಕೋ ಅಂತ ಹೇಳಿ ಕೈ ಎತ್ತತೈತಿ. ಅಂಥಾ ಟೈಮಿಗೆ ಆಫೀಸಿನ್ಯಾಗ ಕುಂತೇ ಮಾಡೋದು.

ಈಗ ಎರಡನೇದು. ಒಂದು ಪ್ರಶ್ನೆ ಕೇಳ್ತೀನಿ, ಹೌದು ಇಲ್ಲ ಅಷ್ಟ ಹೇಳ್ರಿ. ಆ ಹೋಸ್ಟ್ ಮ್ಯಾಲೆ ಡಾಕರ್ (ಕಂಟೇನರ್ ಓಡಸೋ ಸಾಫ್ಟ್‌ವೇರ್) ಐತೇನು? ಇನ್ನೊಂದು, ಆಫೀಸಿನ ಯಾವುದಾದ್ರೂ ಪಿಸಿಯಿಂದ .60ಕ್ಕ ಪಿಂಗ್ ಹೊಡದು, ಆಮ್ಯಾಲೆ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನೋದು) ನೋಡ್ರಿ. .60 ಎದುರಿಗೆ 52-54-00 ಅಂತ ಶುರು ಆಗೋ ಮ್ಯಾಕ್ (ಅದು ಕೆವಿಎಂ ವಿಎಂದು) ಕಾಣ್ತೈತೇನು?

---

ಬೆಣ್ಣೆದೋಸೆ_ರೂಟ್

ಅಣ್ಣಾ ನೀವು ಜ್ಯೋತಿಷಿನಾ? ಡಾಕರ್ ಇದೆ, ಮಾನಿಟರಿಂಗ್‌ಗೆ ಅಂತ ಒಂದು ಕಂಟೇನರ್ ಹಾಕಿದ್ದೆ, ಅದನ್ನ ಮರ್ತೇ ಬಿಟ್ಟಿದ್ದೆ. ಎಆರ್‌ಪಿಲಿ 52-54-00 ಇರೋ ಮ್ಯಾಕ್ ಸರಿಯಾಗಿ ಕಾಣುತ್ತೆ, ಆದ್ರೂ ಪಿಂಗ್ ರಿಕ್ವೆಸ್ಟ್ ಟೈಮ್ಡ್ ಔಟ್. ವಿಳಾಸ ಗೊತ್ತು, ಮಾತಾಡಲ್ಲ ಅಂದ್ರೆ ಏನರ್ಥ?

---

ಹುಬ್ಬಳ್ಳಿ_ಹೆಡ್ಲೆಸ್

ಸಿಕ್ತು ನೋಡ್ರಿ ಕಳ್ಳ. ನಿಮ್ಮ ಬ್ರಿಡ್ಜ್ ಸರಿನೇ ಐತಿ. ಬ್ರಿಡ್ಜ್ ಅಂದ್ರ ಒಂದು ಸ್ವಿಚ್, ಅದರೊಳಗ ಹೋಗೋ ಪ್ಯಾಕೆಟ್ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ಮುಟ್ಟಬಾರ್ದು. ಆದ್ರ ಬಿಆರ್_ನೆಟ್‌ಫಿಲ್ಟರ್ ಅನ್ನೋ ಮಾಡ್ಯೂಲ್ ಲೋಡ್ ಆಗಿದ್ರ ಬ್ರಿಡ್ಜಿನ ಐಪಿ ಪ್ಯಾಕೆಟ್ಟೂ ಫೈರ್‌ವಾಲಿನ ಫಾರ್ವರ್ಡ್ ಚೈನಿಗೆ (ದಾಟಿ ಹೋಗೋ ಪ್ಯಾಕೆಟ್ಟಿನ ರೂಲ್ ಪಟ್ಟಿ) ಹೋಗ್ತಾವ. ಡಾಕರ್ ಅದನ್ನ ಲೋಡ್ ಮಾಡ್ತೈತಿ, ಜೊತಿಗೆ ಫಾರ್ವರ್ಡ್ ಚೈನಿನ ಪಾಲಿಸಿನ ಡ್ರಾಪ್ ಮಾಡಿ ಕುಂದರ್ತೈತಿ. ಎಆರ್‌ಪಿ ಐಪಿ ಪ್ಯಾಕೆಟ್ ಅಲ್ಲ, ಅದಕ್ಕ ಅದು ದಾಟಿ ಹೋಯ್ತು. ಪಿಂಗ್ ಐಪಿ, ಡಿಎಚ್‌ಸಿಪಿನೂ ಐಪಿ, ಎರಡೂ ಬಾಗಲ್ದಾಗ ಬಿದ್ದು ಸತ್ತು. ಹೋಸ್ಟ್‌ನಿಂದ ಹೋಗೋದು ಔಟ್‌ಪುಟ್ ಚೈನ್, ಅದಕ್ಕ ನಿಮಗ ಅಲ್ಲಿಂದ ಪಿಂಗ್ ಬಂತು. ನ್ಯಾಟ್‌ದಾಗ ಇದ್ದಾಗ ಲಿಬ್‌ವರ್ಟ್ ತನ್ನ ರೂಲ್ ತಾನೇ ಹಾಕ್ಕೊಂಡಿತ್ತು, ಹಂಗಾಗಿ ಗೊತ್ತಾಗ್ಲಿಲ್ಲ.

ಡಾಕರ್-ಯೂಸರ್ ಅನ್ನೋ ಚೈನಿನ ಮೊದಲಿಗೆ ಒಂದು ರೂಲ್ ಹಾಕ್ರಿ: ಒಳಬರೋದು ಬಿಆರ್0 (ನಿಮ್ಮ ಬ್ರಿಡ್ಜ್), ಹೊರಹೋಗೋದು ಬಿಆರ್0, ಆಕ್ಸೆಪ್ಟ್. ಡಾಕರ್ ಆ ಚೈನ್ ನಮಗಂತನೇ ಬಿಟ್ಟಿರೋದು. ರೀಬೂಟ್ ಆದ್ರ ರೂಲ್ ಹೋಗ್ತೈತಿ, ಅದಕ್ಕ ಡಾಕರ್ ಆದ ಮ್ಯಾಲೆ ಓಡೋ ಹಂಗ ಒಂದು ಸಣ್ಣ ಸಿಸ್ಟಮ್‌ಡಿ ಸರ್ವಿಸ್ ಬರೀರಿ. ಸಿಸ್‌ಸಿಟಿಎಲ್‌ದಾಗ (ಕರ್ನಲ್ ಸೆಟ್ಟಿಂಗ್) ಬ್ರಿಡ್ಜ್ ನೆಟ್‌ಫಿಲ್ಟರ್ ಸೊನ್ನೆ ಮಾಡ್ರಿ ಅಂತ ಭಾಳ ಮಂದಿ ಹೇಳ್ತಾರ, ಆದ್ರ ಬೂಟ್ ಟೈಮಿಗೆ ಮಾಡ್ಯೂಲೇ ಲೋಡ್ ಆಗಿರೂದಿಲ್ಲ, ಆ ಸಾಲು ಸುಮ್ಮನ ಫೇಲ್ ಆಗ್ತೈತಿ, ಆಮ್ಯಾಲೆ ಡಾಕರ್ ಬಂದು ಲೋಡ್ ಮಾಡ್ತೈತಿ. ನಾ ಅದ್ರಾಗ ಒಂದು ಇಡೀ ಶನಿವಾರ ಕಳಕೊಂಡೀನಿ.

ನನ್ನ ಕೇಳಿದ್ರ ಡಾಕರ್‌ನ ಆ ಟೆಸ್ಟ್ ವಿಎಂ ಒಳಗ ಹಾಕ್ರಿ. ಹೋಸ್ಟ್ ಖಾಲಿ ಇರ್ಲಿ.

---

ಕುಡ್ಲ_ಕರ್ನಲ್

ಇದಕ್ಕೆಲ್ಲ ಪ್ರಾಕ್ಸ್‌ಮಾಕ್ಸ್ (ವಿಎಂ ನಿಭಾಯಿಸ್ಲಿಕ್ಕೆ ಅಂತಲೇ ಇರುವ ಸಿಸ್ಟಮ್) ಹಾಕಿದ್ರೆ ಮುಗೀತಲ್ವಾ ಮಾರಾಯ್ರೆ, ಬ್ರಿಡ್ಜ್ ಅದೇ ಮಾಡಿ ಕೊಡ್ತದೆ, ಎಲ್‌ವಿಎಂ-ಥಿನ್ (ಬಳಸಿದಷ್ಟೇ ಜಾಗ ಕೊಡುವ ಎಲ್‌ವಿಎಂ) ಕೂಡ.

ಒಂದು ಮಾತು ಹೇಳ್ಲಿಕ್ಕೆ ಬಂದೆ. ಹಳೇ ಇಮೇಜ್ ಅಳಿಸುವಾಗ ಜಾಗ್ರತೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಜಾಗ ಕಮ್ಮಿ ಆಯ್ತು ಅಂತ ನೋಡ್ತಾ ಹೋದಾಗ ಒಂದು ಕ್ಯೂಕೌ2 ಮೂರು ತಿಂಗಳಿಂದ ತಾರೀಕೇ ಬದಲಾಗಿರಲಿಲ್ಲ, ಯಾರೂ ಬಳಸ್ತಾ ಇಲ್ಲ ಅಂತ ಅಳಿಸಿಬಿಟ್ಟೆ. ಅದು ಎಕ್ಸ್‌ಟರ್ನಲ್ ಸ್ನ್ಯಾಪ್‌ಶಾಟ್‌ನ ಬೇಸ್! ಸ್ನ್ಯಾಪ್‌ಶಾಟ್ ತಗೊಂಡ ಮೇಲೆ ಬರೆಯೋದೆಲ್ಲ ಹೊಸ ಫೈಲಿಗೆ ಹೋಗ್ತದೆ, ಹಳೇದನ್ನ ಓದ್ಲಿಕ್ಕೆ ಮಾತ್ರ, ಹಾಗಾಗಿ ತಾರೀಕು ಹಾಗೇ ನಿಂತಿರ್ತದೆ. ಪುಣ್ಯಕ್ಕೆ ವಿಎಂ ಓಡ್ತಾ ಇತ್ತು, ಕ್ಯೂಎಂಯು ಆ ಫೈಲನ್ನ ಹಿಡಿದುಕೊಂಡೇ ಇತ್ತು. ಪ್ರಾಕ್ ಒಳಗೆ ಆ ಪ್ರಾಸೆಸ್‌ನ ಎಫ್‌ಡಿ ಫೋಲ್ಡರಿಗೆ (ಅದು ತೆರೆದಿಟ್ಟ ಫೈಲ್‌ಗಳ ಪಟ್ಟಿ) ಹೋದ್ರೆ ಡಿಲೀಟೆಡ್ ಅಂತ ಬರೆದು ಫೈಲ್ ಇನ್ನೂ ಅಲ್ಲೇ ಕೂತಿದೆ. ಅಲ್ಲಿಂದ ಕಾಪಿ ಮಾಡಿ ಹಳೇ ಹೆಸರಿಗೆ ಇಟ್ಟೆ. 200 ಜಿಬಿ ಕಾಪಿ ಆಗುವವರೆಗೆ ಕರೆಂಟ್ ಹೋಗದೆ ಇರ್ಲಿ ಅಂತ ಕಟೀಲಮ್ಮನಿಗೆ ಹೂವಿನಪೂಜೆ ಹೇಳಿಕೊಂಡು ಯುಪಿಎಸ್ ಹತ್ರವೇ ಕೂತಿದ್ದೆ.

ಅಳಿಸುವ ಮೊದಲು ಕ್ಯೂಎಂಯು-ಇಮೇಜ್ ಇನ್ಫೋಗೆ ಬ್ಯಾಕಿಂಗ್ ಚೈನ್ ಆಪ್ಷನ್ ಹಾಕಿ ಎಲ್ಲಾ ಇಮೇಜ್ ನೋಡಿ.

---

ಹುಬ್ಬಳ್ಳಿ_ಹೆಡ್ಲೆಸ್

ಪ್ರಾಕ್ಸ್‌ಮಾಕ್ಸ್ ಒಳಗೂ ಅದೇ ಕೆವಿಎಂ, ಅದೇ ಲಿನಕ್ಸ್ ಬ್ರಿಡ್ಜ್. ಅದರ ಮ್ಯಾಲೆ ಡಾಕರ್ ಹಾಕಿದ್ರ ಅದೇ ಹಾಡು. ಮತ್ತ ಎಲ್‌ವಿಎಂ-ಥಿನ್ ಪೂಲ್ ತುಂಬಿದ್ರ ಕ್ಯೂಕೌ2ಗಿಂತ ಕೆಟ್ಟ, ಮೆಟಾಡೇಟಾ ತುಂಬಿದ್ರಂತೂ ಕೇಳಬ್ಯಾಡ್ರಿ. ಹೊಸದಾಗಿ ಶುರು ಮಾಡೋರಿಗೆ ಚಲೋ ಐತಿ, ಓಡ್ತಿರೋದನ್ನ ಯಾಕ ಕಿತ್ತು ಹಾಕೋದು.

---

ಬೆಣ್ಣೆದೋಸೆ_ರೂಟ್

ಅಪ್ಡೇಟ್. ಭಾನುವಾರ ಕೂತು ಎಲ್ಲಾ ಮಾಡ್ದೆ. 280ರ ಎಲ್‌ವಿ ಆಯ್ತು, ಇಮೇಜ್ ಮೂರೂ ಅಲ್ಲಿಗೆ ಹೋಯ್ತು. ಡಾಕರ್ ರೂಲ್ ಹಾಕಿದ ತಕ್ಷಣ ಪಕ್ಕದ ಪಿಸಿಲಿ ಬಿಟ್ಟಿದ್ದ ಪಿಂಗ್ ರಿಪ್ಲೈ ಅಂತ ಓಡೋಕೆ ಶುರು ಆಯ್ತು, ಒಬ್ಬನೇ ಕೂತು ನಕ್ಕೆ. ಮ್ಯಾಕ್ ಹಾಕಿದ್ಮೇಲೆ ಸರ್ವರ್ ಮತ್ತೆ .10ಕ್ಕೆ ಬಂತು, ಈ ಸಲ ಟ್ರೈನೇ ಬಳಸಿದೆ.

ಆದ್ರೆ ಉತ್ಸಾಹ ಜಾಸ್ತಿ ಆಗಿ ಡಿಸ್‌ಕಾರ್ಡ್ ಹಾಕೋವಾಗ ವಿಂಡೋಸ್ ಡಿಸ್ಕನ್ನ ಸಾಟಾದಿಂದ (ಮಾಮೂಲಿ ಡಿಸ್ಕ್ ಕನೆಕ್ಷನ್) ವರ್ಟ್‌ಐಒಗೆ (ವಿಎಂಗೆ ಅಂತಲೇ ಮಾಡಿದ್ದು) ಬದಲಾಯಿಸ್ಬಿಟ್ಟೆ, ಫಾಸ್ಟ್ ಆಗುತ್ತೆ ಅಂತ ಎಲ್ಲೋ ಓದಿದ್ದೆ. ಈಗ ನೀಲಿ ಸ್ಕ್ರೀನ್, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ನಾಳೆ ಬೆಳಗ್ಗೆ ಹತ್ತಕ್ಕೆ ಟ್ಯಾಲಿ ಬೇಕು.

---

ಹಳೇ_ಟರ್ಮಿನಲ್

ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿಲ್ಲ, ವಿಂಡೋಸ್ ಹತ್ರ ಡ್ರೈವರ್ ಇಲ್ಲ ಅಷ್ಟೇ. ವಾಪಸ್ ಸಾಟಾ ಮಾಡಿ, ಬೂಟ್ ಆಗುತ್ತೆ. ಆಮೇಲೆ 1 ಜಿಬಿದು ಒಂದು ಖಾಲಿ ಡಿಸ್ಕನ್ನ ವರ್ಟ್‌ಐಒ ಆಗಿ ಸೇರ್ಸಿ, ಡ್ರೈವರ್ ಐಎಸ್‌ಒ ಸಿಡಿ ಥರ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಇನ್‌ಸ್ಟಾಲ್ ಮಾಡಿ. ಆ ಚಿಕ್ಕ ಡಿಸ್ಕ್ ವಿಂಡೋಸ್ ಒಳಗೆ ಕಾಣಿಸಿದ ಮೇಲೆ ಶಟ್‌ಡೌನ್ ಮಾಡಿ ಸಿ ಡ್ರೈವನ್ನ ಬದಲಾಯಿಸಿ, ಚಿಕ್ಕದನ್ನ ಕಿತ್ತಾಕಿ.

ಇವತ್ತೇ ಬೇಡ. ಸಾಟಾದಲ್ಲೂ ಡಿಸ್‌ಕಾರ್ಡ್ ನಡೆಯುತ್ತೆ, ಸದ್ಯಕ್ಕೆ ಅಷ್ಟು ಸಾಕು.

---

ಬೆಣ್ಣೆದೋಸೆ_ರೂಟ್

ಸಾಟಾ ಮಾಡ್ದೆ, ಬಂತು. ಆಪ್ಟಿಮೈಜ್ ಓಡಿಸಿದ್ಮೇಲೆ ಇಮೇಜ್ 58ರಿಂದ 41ಕ್ಕೆ ಇಳೀತು. ವರ್ಟ್‌ಐಒ ಮುಂದಿನ ಭಾನುವಾರ, ಟೆಸ್ಟ್ ವಿಎಂ ಮೇಲೆ ಮೊದ್ಲು. ದಾವಣಗೆರೆ ಕಡೆ ಬಂದ್ರೆ ಮೂರೂ ಜನಕ್ಕೂ ದೋಸೆ ನನ್ನ ಲೆಕ್ಕ.