ಇನ್ನೂರರ ನೋಟನ್ನು ಇಪ್ಪತ್ತು ಎನ್ನುತ್ತಿದೆ: ಅಪ್ಪನ ಅಂಗಡಿಯ ರಾಸ್ಪ್‌ಬೆರಿ ಪೈ ಕ್ಯಾಮೆರಾ

ಅಂಗಡಿಮಗಳು:
ಎಲ್ಲರಿಗೂ ನಮಸ್ಕಾರ. ಗ್ಲಾಕೋಮಾದಿಂದಾಗಿ ನಮ್ಮ ಅಪ್ಪನ ದೃಷ್ಟಿ ಮೂರು ವರ್ಷಗಳ ಹಿಂದೆ ಬಹುಪಾಲು ಹೋಯಿತು. ತರೀಕೆರೆ ಕಡೆಯ ಹಳ್ಳಿಯಲ್ಲಿ ಅವರದೊಂದು ಕಿರಾಣಿ ಅಂಗಡಿ ಇದೆ. ಬಾಗಿಲು ಹಾಕಿ ಮನೆಯಲ್ಲಿ ಕೂರಿ ಎಂದರೆ ಕೇಳುವವರಲ್ಲ. ಬೆಲ್ಲ ಯಾವ ಡಬ್ಬಿಯಲ್ಲಿ, ಸೋಪು ಯಾವ ಗೂಡಿನಲ್ಲಿ ಎಂಬುದೆಲ್ಲ ಅವರ ಕೈಗೆ ಗೊತ್ತು. ತೊಡಕಿರುವುದು ನೋಟಿನಲ್ಲಿ.

ಅದಕ್ಕಾಗಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮರದ ಕೋಲು ನಿಲ್ಲಿಸಿ, ಹಲಗೆಯಿಂದ 20 ಸೆಂ.ಮೀ. ಎತ್ತರದಲ್ಲಿ ಪೈ ಕ್ಯಾಮೆರಾ ಮಾಡ್ಯೂಲ್ 2 ಕೂರಿಸಿದ್ದೇನೆ. ಬೋರ್ಡು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಚಿತ್ರ ನೋಡಿ ಗುರುತಿಸುವ ಮೊಬೈಲ್‌ನೆಟ್ ವಿ2 ಮಾದರಿಗೆ 10, 20, 50, 100, 200, 500 ಎಂದು ಆರು ವರ್ಗಗಳನ್ನು ಕಲಿಸಿದೆ. ಉತ್ತರವನ್ನು ನನ್ನ ಮಗನ ಧ್ವನಿಯಲ್ಲಿ ಮುದ್ರಿಸಿಟ್ಟಿದ್ದೇನೆ. ಮನೆಯಲ್ಲಿ ಪರೀಕ್ಷಿಸಿದಾಗ ನೂರಕ್ಕೆ 97 ಸರಿ ಬಂದಿತ್ತು. ಅಂಗಡಿಯಲ್ಲಿ ಮಾತ್ರ ಇನ್ನೂರನ್ನು ಇಪ್ಪತ್ತು ಎನ್ನುತ್ತದೆ. ಕಳೆದ ವಾರ ಒಬ್ಬರು ಇನ್ನೂರು ಕೊಟ್ಟು ಹನ್ನೆರಡು ರೂಪಾಯಿಯ ಸಾಮಾನು ತೆಗೆದುಕೊಂಡರು. ಅಪ್ಪ ಎಂಟು ರೂಪಾಯಿ ಚಿಲ್ಲರೆ ಕೊಟ್ಟರು. "ಕಣ್ಣು ಹೋದರೂ ಕೈಚಳಕ ಹೋಗಿಲ್ಲ" ಎಂದರಂತೆ ಆ ಗಿರಾಕಿ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಮಸೂರ:
ಅಂಗಡಿಯ ಬಲ್ಬು ಹಳದಿ ಬೆಳಕಿನದೇ? ಹೊಸ 20 ಹಸಿರು ಮಿಶ್ರಿತ ಹಳದಿ, 200 ಗಾಢ ಹಳದಿ. ಹಳದಿ ದೀಪದ ಕೆಳಗೆ ಕಣ್ಣಿರುವವರೇ ತಡವರಿಸುತ್ತಾರೆ. ಜೊತೆಗೆ ಆಟೋ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ತಾನೇ ತಿದ್ದುವ ವ್ಯವಸ್ಥೆ) ಚಾಲೂ ಇದ್ದರೆ ಕ್ಯಾಮೆರಾ ತನ್ನ ಬುದ್ಧಿ ಉಪಯೋಗಿಸುತ್ತದೆ: ಎದುರಿಗೆ ಹಳದಿ ನೋಟೇ ತುಂಬಿಕೊಂಡಿದ್ದರೆ ಆ ಹಳದಿಯನ್ನೇ ದೀಪದ ದೋಷವೆಂದು ತಿಳಿದು ತೊಳೆದುಹಾಕಲು ನೋಡುತ್ತದೆ.

ಪರಿಹಾರ ಸುಲಭ. ಹಲಗೆಯ ಮೇಲೆ ಬಿಳಿ ಕಾಗದವಿಟ್ಟು ಕ್ಯಾಮೆರಾ ಸ್ಥಿರವಾಗುವವರೆಗೆ ಬಿಡಿ. ಈ ಕ್ಯಾಮೆರಾವನ್ನು ನಡೆಸುವ ಪೈಕ್ಯಾಮೆರಾ2 ತಂತ್ರಾಂಶ ಕೊಡುವ ಮಾಹಿತಿಯಲ್ಲಿ ಕಲರ್ ಗೇನ್ಸ್ ಎಂಬ ಎರಡು ಸಂಖ್ಯೆಗಳಿರುತ್ತವೆ, ಕೆಂಪಿಗೊಂದು, ನೀಲಿಗೊಂದು. ಅವನ್ನು ಬರೆದುಕೊಂಡು, ಆಟೋ ಬಂದ್ ಮಾಡಿ, ಅವೇ ಸಂಖ್ಯೆಗಳನ್ನು ಕಾಯಂ ಮಾಡಿ. ಇನ್ನೊಂದು ವಿಷಯ: ಮಾಡ್ಯೂಲ್ 2ರಲ್ಲಿ ಆಟೋಫೋಕಸ್ ಇಲ್ಲ. 20 ಸೆಂ.ಮೀ.ಗೆ ಮಸೂರವನ್ನು ತಿರುಗಿಸಿದ್ದೀರಾ? ಡಬ್ಬಿಯಲ್ಲಿ ಬಂದ ಬಿಳಿ ಪ್ಲಾಸ್ಟಿಕ್ ಚಕ್ರ ಅದಕ್ಕಾಗಿಯೇ ಇರುವುದು. ಬಹಳ ಜನ ಅದನ್ನು ಕಸಕ್ಕೆ ಹಾಕುತ್ತಾರೆ.

ಪೇಟೆಹುಡುಗ:
ಇಷ್ಟೆಲ್ಲ ಯಾಕೆ ಮೇಡಂ? ರಿಸರ್ವ್ ಬ್ಯಾಂಕಿನದೇ ಮಣಿ ಎಂಬ ಆ್ಯಪ್ 2020ರಿಂದ ಇದೆಯಲ್ಲ. ಇಂಟರ್ನೆಟ್ ಇಲ್ಲದೆಯೂ ನೋಟಿನ ಬೆಲೆ ಹೇಳುತ್ತದೆ.

ಅಂಗಡಿಮಗಳು:
ಮೊದಲು ಪ್ರಯತ್ನಿಸಿದ್ದೇ ಅದನ್ನು. ಆ್ಯಪ್ ಚೆನ್ನಾಗಿದೆ. ಆದರೆ ಎಣ್ಣೆ, ಬೆಲ್ಲ ಮುಟ್ಟಿದ ಕೈಯಲ್ಲಿ ಪ್ರತಿ ಗಿರಾಕಿಗೂ ಮೊಬೈಲ್ ತೆಗೆದು ಹಿಡಿಯುವುದು ಅಪ್ಪನಿಗೆ ಆಗುವುದಿಲ್ಲ. ನೋಟು ಇಟ್ಟರೆ ಸಾಕು, ಅದೇ ಮಾತನಾಡಬೇಕು.

ಮಸೂರ ಸರ್, ಗೇನ್ಸ್ ಕಾಯಂ ಮಾಡಿದೆ. ಮಸೂರ ತಿರುಗಿಸಿದ ಮೇಲೆ ಗಾಂಧಿಯವರ ಕನ್ನಡಕದ ಗೆರೆಯೂ ಕಾಣುತ್ತಿದೆ. ತಪ್ಪು ಸ್ವಲ್ಪ ಇಳಿದಿದೆ, ಹೋಗಿಲ್ಲ.

ಹಳೇಬೋರ್ಡು:
ದೀಪದ ಕಥೆ ಸರಿ, ಆದರೆ ಯಾರೂ ಕೇಳಬೇಕಾದ ಪ್ರಶ್ನೆ ಕೇಳಿಲ್ಲ. ತಪ್ಪು ಎರಡೂ ದಿಕ್ಕಿನಲ್ಲಿದೆಯೇ? ಅಂದರೆ ಇಪ್ಪತ್ತನ್ನು ಇನ್ನೂರು ಎಂದದ್ದೂ ಉಂಟೇ?

ಅಂಗಡಿಮಗಳು:
ಅಂಥ ದೂರು ಒಂದೂ ಬಂದಿಲ್ಲ ಸರ್.

ಹಳೇಬೋರ್ಡು:
ದೂರು ಹೇಗೆ ಬರುತ್ತದೆ ತಾಯಿ? ಇಪ್ಪತ್ತು ಕೊಟ್ಟು ಇನ್ನೂರರ ಚಿಲ್ಲರೆ ಪಡೆದವನು ಜಗಳಕ್ಕೆ ಬರುತ್ತಾನೆಯೇ? ಗಿರಾಕಿಗಳನ್ನು ನಂಬಬೇಡಿ. ಅದೇ ಹಲಗೆ, ಅದೇ ದೀಪ, ಎರಡೂ ಬಗೆಯ ನೋಟು ತಲಾ 40 ಬಾರಿ ಇಟ್ಟು ನೋಡಿ. ಕಲಿಕೆಯ ಚಿತ್ರಗಳನ್ನು ಎಲ್ಲಿ, ಯಾವಾಗ ತೆಗೆದಿರಿ ಎಂಬುದನ್ನೂ ಬರೆಯಿರಿ.

ಅಂಗಡಿಮಗಳು:
ಇಟ್ಟೆ. ಇನ್ನೂರು 40 ಬಾರಿ: 11 ಸಲ ಇಪ್ಪತ್ತು ಎಂದಿತು. ಇಪ್ಪತ್ತು 40 ಬಾರಿ: ಒಂದೂ ತಪ್ಪಿಲ್ಲ.

ಚಿತ್ರಗಳ ವಿಷಯ: ಹತ್ತು, ಇಪ್ಪತ್ತರ ನೋಟುಗಳು ಗಲ್ಲಾದಲ್ಲೇ ರಾಶಿ ಇದ್ದವು, ಅಂಗಡಿಯಲ್ಲೇ ತೆಗೆದೆ, ಸಂಜೆ. ಇನ್ನೂರು, ಐನೂರು ನಮ್ಮಲ್ಲಿ ಕಡಿಮೆ. ಅಡಿಕೆ ಮಾರಿದ ಹಣ ಬಂದಿದ್ದಾಗ ಅತ್ತೆಯ ಮನೆಯಲ್ಲಿ, ಹಗಲು, ಕಿಟಕಿಯ ಪಕ್ಕ ಹಾಸಿಗೆಯ ಮೇಲೆ ಹರಡಿ ತೆಗೆದೆ. ಬರೆಯುವಾಗಲೇ ಹೊಟ್ಟೆ ತೊಳಸಿದಂತಾಗುತ್ತಿದೆ.

ಹಳೇಬೋರ್ಡು:
ಸಿಕ್ಕಿತಲ್ಲ. ನಿಮ್ಮ ಮಾದರಿ ಕಲಿತದ್ದು ನೋಟನ್ನಲ್ಲ, ಜಾಗವನ್ನು. ಹಳದಿ ನೋಟು, ಕೆಳಗೆ ಕಂದು ಹಲಗೆ, ಮೇಲೆ ಮಬ್ಬು ದೀಪ ಎಂದರೆ ಇಪ್ಪತ್ತು. ಹಳದಿ ನೋಟು, ಬಿಳಿ ಹಾಸಿಗೆ, ಹಗಲು ಎಂದರೆ ಇನ್ನೂರು. ಮನೆಯಲ್ಲಿ 97 ಬಂದದ್ದೂ ಅದಕ್ಕೇ: ಪರೀಕ್ಷೆಯ ಚಿತ್ರಗಳನ್ನು ಅದೇ ರಾಶಿಯಿಂದ ತೆಗೆದಿರುತ್ತೀರಿ. ಮೇಷ್ಟ್ರು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗೆ.

ನಾನೂ ಹೀಗೆ ಬಿದ್ದವನೇ. ಮಾತ್ರೆಯ ಹಾಳೆ ಗುರುತಿಸುವ ಯಂತ್ರ ಮಾಡಲು ಹೋಗಿ, ಅದು ಮಾತ್ರೆ ಬಿಟ್ಟು ನಮ್ಮ ಮನೆಯ ಮೇಜುಬಟ್ಟೆಯ ಹೂವನ್ನು ಕಲಿತಿತ್ತು. ಗ್ರಾಡ್‌ಕ್ಯಾಮ್ ಹಾಕಿ ನೋಡಿ, ಮಾದರಿಯ ಕಣ್ಣು ಎಲ್ಲಿದೆ ಎಂಬುದು ಬಣ್ಣದಲ್ಲಿ ತೋರುತ್ತದೆ.

ಮತ್ತೊಂದು: ಚಿತ್ರವನ್ನು 224 ಪಿಕ್ಸೆಲ್‌ಗೆ ಕುಗ್ಗಿಸುತ್ತೀರಲ್ಲ. ಮಾಡ್ಯೂಲ್ 2 ಆ ಎತ್ತರದಿಂದ ಸುಮಾರು 24 ಸೆಂ.ಮೀ. ಅಗಲ ನೋಡುತ್ತದೆ. ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಸಿಗುವುದಿಲ್ಲ. ನೋಟಿನ ಅಂಕಿ ಅದರಲ್ಲಿ ಇರುವೆಯಷ್ಟಾಗುತ್ತದೆ. ಇನ್ನೂರರ ಹಿಂಬದಿಯ ಸಾಂಚಿ ಸ್ತೂಪ, ಇಪ್ಪತ್ತರ ಹಿಂಬದಿಯ ಎಲ್ಲೋರ ಎರಡೂ ಮಸಿಯಾಗುತ್ತವೆ. ಮೊದಲು ನೋಟಿನಷ್ಟೇ ಭಾಗವನ್ನು ಕತ್ತರಿಸಿ, ಆಮೇಲೆ ಕುಗ್ಗಿಸಿ. ಕಲಿಸುವಾಗ ಎಡಬಲ ಕನ್ನಡಿ ತಿರುವು ಹಾಕಿದ್ದರೆ ತೆಗೆಯಿರಿ. ಕನ್ನಡಿಯಲ್ಲಿ ಕಾಣುವ ನೋಟನ್ನು ಯಾರೂ ಕೊಡುವುದಿಲ್ಲ. ಬೇಕಾದದ್ದು 180 ಡಿಗ್ರಿ ತಿರುಗಿಸುವುದು.

ಬೆರಳಳತೆ:
ನಡುವೆ ಬಾಯಿ ಹಾಕುತ್ತೇನೆ. ನಾನು ಹುಟ್ಟಿನಿಂದ ಕಾಣದವನು, ಬ್ಯಾಂಕೊಂದರಲ್ಲಿ ಕೆಲಸ. ನೀವೆಲ್ಲ ಬಣ್ಣದ ಹಿಂದೆ ಬಿದ್ದಿದ್ದೀರಿ. ನಮ್ಮಂಥವರು ಮೊದಲು ನೋಡುವುದು ಉದ್ದವನ್ನು. ಹೊಸ 20 ಎಂದರೆ 129 ಮಿ.ಮೀ., 200 ಎಂದರೆ 146. ತೋರುಬೆರಳು, ಮಧ್ಯದ ಬೆರಳ ನಡುವೆ ನೋಟನ್ನು ಸಿಕ್ಕಿಸಿದರೆ ಈ ಹದಿನೇಳು ಮಿಲಿಮೀಟರ್ ತಕ್ಷಣ ತಿಳಿಯುತ್ತದೆ. ಕಷ್ಟವಿರುವುದು 100, 200, 500ರ ನಡುವೆ, ಒಂದರಿಂದ ಒಂದಕ್ಕೆ ನಾಲ್ಕೇ ಮಿ.ಮೀ. ಅಲ್ಲಿ ಅಂಚಿನ ಉಬ್ಬು ಗೆರೆಗಳನ್ನು ಸವರುತ್ತೇವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕರ ಜೊತೆ ಎರಡು ವೃತ್ತ, ಐನೂರಕ್ಕೆ ಐದು. ನೋಟು ಹಳತಾದರೆ ಅವು ಸವೆದಿರುತ್ತವೆ.

ನಿಮ್ಮ ಕ್ಯಾಮೆರಾ ಅಲುಗದ ಕೋಲಿನ ಮೇಲಿದೆ, ಎತ್ತರ ಬದಲಾಗುವುದಿಲ್ಲ. ಅಳೆಯಲು ಏನು ಅಡ್ಡಿ?

ಇನ್ನೂ ಒಂದು ಮಾತು, ಸ್ವಲ್ಪ ಖಾರವಾಗಿಯೇ. ನಿಮ್ಮ ಯಂತ್ರಕ್ಕೆ "ಗೊತ್ತಾಗಲಿಲ್ಲ" ಎನ್ನಲು ಬರುವುದಿಲ್ಲ. ತಪ್ಪನ್ನು ಧೈರ್ಯವಾಗಿ ಹೇಳುವ ಯಂತ್ರಕ್ಕಿಂತ ಸುಮ್ಮನಿರುವ ಯಂತ್ರ ನಮಗೆ ಮೇಲು. ಸುಮ್ಮನಿದ್ದರೆ ಪಕ್ಕದವರನ್ನು ಕೇಳುತ್ತೇವೆ.

(ಚಿತ್ರ ಹಾಕುವವರು ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯಿರಿ. ನನ್ನ ಸ್ಕ್ರೀನ್ ರೀಡರ್ "ಚಿತ್ರ" ಎಂದಷ್ಟೇ ಓದುತ್ತದೆ.)

ಹಳೇಬೋರ್ಡು:
ಒಪ್ಪಿದೆ, ನನ್ನ ಕಿವಿ ಹಿಂಡಿದ ಹಾಗಾಯಿತು. ಆರೇ ವರ್ಗವಿದ್ದರೆ ಮಾದರಿ ನೂರು ಪ್ರತಿಶತವನ್ನು ಆ ಆರಕ್ಕೇ ಹಂಚಬೇಕು. ಬೀಡಿ ಕಟ್ಟು ಇಟ್ಟರೂ ಯಾವುದೋ ನೋಟಿನ ಹೆಸರು ಹೇಳುತ್ತದೆ. ಖಾಲಿ ಹಲಗೆ, ಬರೀ ಕೈ, ಮಡಿಸಿದ ನೋಟು, ಚೀಟಿ ಇವುಗಳನ್ನೆಲ್ಲ ಸೇರಿಸಿ ಏಳನೆಯ ವರ್ಗ ಮಾಡಿ.

ಅಳತೆಗೆ ಹಲಗೆಯ ಮೇಲೆ ಮ್ಯಾಟ್ ಕಪ್ಪು ಹಾಳೆ ಅಂಟಿಸಿ. ಚಿತ್ರ ಪರಿಶೀಲಿಸುವ ತಂತ್ರಾಂಶವಾದ ಓಪನ್‌ಸಿವಿಯಲ್ಲಿ ಅಂಚು ಹುಡುಕಿ, ಸುತ್ತಲಿನ ಅತಿಚಿಕ್ಕ ಆಯತದ ಉದ್ದ ಅಗಲ ತೆಗೆಯಿರಿ, ಕುಗ್ಗಿಸುವ ಮುನ್ನವೇ. ಆದರೆ ಅಳತೆಯೊಂದನ್ನೇ ನಂಬಬೇಡಿ. ಹಳೆಯ ಸರಣಿಯ ಕೆಂಪು ಇಪ್ಪತ್ತು ಇನ್ನೂ ಚಲಾವಣೆಯಲ್ಲಿದೆ, ಅದರ ಉದ್ದ 147. ಹೊಸ ಇನ್ನೂರಿಗಿಂತ ಒಂದು ಮಿ.ಮೀ. ಹೆಚ್ಚು! ಅಗಲದಲ್ಲಿ 63ಕ್ಕೆ 66, ಅಷ್ಟೇ ವ್ಯತ್ಯಾಸ. ಅಲ್ಲಿ ಬಣ್ಣ ಕಾಪಾಡುತ್ತದೆ. ಅಳತೆ, ಮಾದರಿ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಬೆಲೆ ನುಡಿಯಲಿ. ಇಲ್ಲದಿದ್ದರೆ "ಇನ್ನೊಮ್ಮೆ ಇಡಿ".

ಅಂಗಡಿಮಗಳು:
ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಗ್ರಾಡ್‌ಕ್ಯಾಮ್ ಚಿತ್ರದಲ್ಲಿ ಏನಿತ್ತೆಂದರೆ: ನೋಟಿನ ಮೇಲೆ ತಣ್ಣನೆಯ ನೀಲಿ, ಹಲಗೆಯ ಬಿರುಕಿನ ಮೇಲೆ ಕೆಂಡದ ಕೆಂಪು. ಹಳೇಬೋರ್ಡು ಸರ್ ಹೇಳಿದ್ದೇ ನಿಜ. ಹಳೆಯ ಚಿತ್ರಗಳನ್ನೆಲ್ಲ ಅಳಿಸಿದೆ. ಎಲ್ಲ ಬೆಲೆಯ ನೋಟುಗಳನ್ನೂ ಅದೇ ಕಪ್ಪು ಹಾಳೆಯ ಮೇಲೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಪ್ಪನೇ ಇಟ್ಟ ಹಾಗೆ ತೆಗೆದೆ. ಅವರ ಹೆಬ್ಬೆರಳು ಅರ್ಧಕ್ಕರ್ಧ ಚಿತ್ರಗಳಲ್ಲಿ ಬಲಗಡೆಯ ಅಂಕಿಯ ಮೇಲೆಯೇ ಇತ್ತು, ಕೊನೆಯ ಸೊನ್ನೆಯನ್ನು ಮುಚ್ಚಿಕೊಂಡು. ನಾನು ಇಟ್ಟು ತೆಗೆದಾಗ ಇದು ಹೇಗೆ ತಿಳಿಯಬೇಕಿತ್ತು?

ಈಗ ಇನ್ನೂರು 40 ಬಾರಿ ಇಟ್ಟರೆ 36 ಸರಿ, 4 ಸಲ "ಇನ್ನೊಮ್ಮೆ ಇಡಿ". ತಪ್ಪು ಬೆಲೆ ಒಂದೂ ಇಲ್ಲ. ಮಗ ಆ "ಇನ್ನೊಮ್ಮೆ ಇಡಿ"ಯನ್ನು ಗದರಿಸುವ ಹಾಗೆ ಹೇಳಿದ್ದಾನೆ. ಅಪ್ಪ "ಆಯ್ತು ಯಜಮಾನರೇ" ಎಂದು ನೋಟನ್ನು ತೊಡೆಯ ಮೇಲೆ ತೀಡಿ ಮತ್ತೆ ಇಡುತ್ತಾರೆ. ಬೆರಳಳತೆ ಅಣ್ಣ, ಬೆರಳಲ್ಲಿ ಅಳೆಯುವುದನ್ನೂ ಅವರಿಗೆ ಹೇಳಿಕೊಟ್ಟೆ. ಕರೆಂಟ್ ಹೋದಾಗ ಅದೇ ಗತಿ.

ಉಳಿದ ತೊಂದರೆ: ಟೇಪು ಅಂಟಿಸಿದ ಹತ್ತರ ನೋಟುಗಳು. ದೀಪದ ಹೊಳಪು ಬಿದ್ದು ಅಂಚೇ ಸಿಗುವುದಿಲ್ಲ.

ಮಸೂರ:
ದೀಪವನ್ನು ಕ್ಯಾಮೆರಾದ ಪಕ್ಕದಿಂದ ತೆಗೆದು ಹಲಗೆಯ ಎರಡೂ ಬದಿಗೆ ತಗ್ಗಿನಲ್ಲಿ ಓರೆಯಾಗಿ ಇಡಿ. ಮುಂದೆ ಬಟರ್ ಪೇಪರ್ ಕಟ್ಟಿ. ಸಂಜೆಯ ಹೊತ್ತು ಒಂದು ಚಿತ್ರ ತೆಗೆದು ಹಾಕಿ, ನೋಡೋಣ. ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.